ಮಹಾನವಮಿಯ ಚಂದ್ರ, ಶಬ್ಬಾತ್‌ನ ಓದು: ಹಂಪಿ ಸೀಮೆಯ ಹಬ್ಬಗಳ ಪಕ್ಕದಲ್ಲಿ ಯೆಹೂದಿ ವಾಚನಕ್ರಮ

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ವಿಜಯನಗರದ ಮಹಾನವಮಿಯನ್ನು ವರ್ಣಿಸುವಾಗ ಹಬ್ಬ ಸೆಪ್ಟೆಂಬರ್ 12ರಂದು ಆರಂಭವಾಗಿ ಒಂಬತ್ತು ದಿನ ನಡೆಯುತ್ತದೆ ಎಂದು ತಾರೀಕು ಕೊಡುತ್ತಾನೆ. ವರ್ಷವನ್ನು ಕೊಡುವುದಿಲ್ಲ. ಆ ವರ್ಷವನ್ನು ಹುಡುಕಿಕೊಟ್ಟವರು ರಾಬರ್ಟ್ ಸೆವೆಲ್. ವಿಜಯನಗರದ ಇತಿಹಾಸವನ್ನು 1900ರಲ್ಲಿ ಪ್ರಕಟಿಸುವ ಮೊದಲೇ ಅವರು ಶಂಕರ ಬಾಲಕೃಷ್ಣ ದೀಕ್ಷಿತರ ಜೊತೆ ಭಾರತೀಯ ಪಂಚಾಂಗದ ಮೇಲೆ ದೊಡ್ಡ ಗ್ರಂಥವೊಂದನ್ನು 1896ರಲ್ಲಿ ಹೊರತಂದಿದ್ದರು. ತಿಥಿ ಲೆಕ್ಕ ಅವರಿಗೆ ಕೈವಶವಾಗಿತ್ತು. ಸೆಪ್ಟೆಂಬರ್ 12 ಆಶ್ವಯುಜ ಶುದ್ಧ ಪಾಡ್ಯವಾಗಿ, ಪೇಸ್ ಹೇಳುವ ಇನ್ನೊಂದು ಹಬ್ಬದ ಅಕ್ಟೋಬರ್ 12 ಕಾರ್ತಿಕ ಶುದ್ಧ ಪಾಡ್ಯವಾಗಿ ಕೂಡಿಬರುವುದು 1520ರಲ್ಲಿ ಎಂದು ಅವರು ತೀರ್ಮಾನಿಸಿದರು. ರಾಯಚೂರಿನ ಯುದ್ಧ ನಡೆದ ವರ್ಷವೂ ಅದೇ.

ಈ ಟಿಪ್ಪಣಿ ಹುಟ್ಟಿದ್ದು ಆ ತಾರೀಕನ್ನು ಯೆಹೂದಿ ಪಂಚಾಂಗದ ಮೇಲಿಟ್ಟು ನೋಡಿದಾಗ. ಯೆಹೂದಿಗಳ 5281ನೆಯ ವರ್ಷದ ಮೊದಲ ದಿನ, ಅಂದರೆ ತಿಶ್ರಿ ಮಾಸದ ಪಾಡ್ಯವಾದ ರೋಶ್ ಹಶಾನಾ, 1520ರ ಸೆಪ್ಟೆಂಬರ್ 13ರ ಗುರುವಾರ ಬಿದ್ದಿತ್ತು. ಅವರ ದಿನ ಸೂರ್ಯಾಸ್ತದಿಂದ ಶುರುವಾಗುವುದರಿಂದ ಹಬ್ಬ ಹಿಡಿದದ್ದು 12ರ ಸಂಜೆಗೆ. ಮಹಾನವಮಿ ದಿಬ್ಬದ ಮುಂದೆ ಮೊದಲ ದಿನದ ಪೂಜೆ, ಕುಸ್ತಿ, ಕುಣಿತ ಮುಗಿದು ಪಂಜುಗಳು ಹೊತ್ತಿಕೊಳ್ಳುವ ವೇಳೆಗೆ ಕೊಚ್ಚಿಯಲ್ಲಿ ಯೆಹೂದಿಗಳ ಹೊಸ ವರ್ಷ ಕಾಲಿಟ್ಟಿತ್ತು. ಹತ್ತನೆಯ ದಿನಕ್ಕೂ ಇದೇ ಲೆಕ್ಕ: ಸೆಪ್ಟೆಂಬರ್ 21ರ ವಿಜಯದಶಮಿಯ ಸಂಜೆಗೆ ಅವರ ಮಹಾಉಪವಾಸ ಯೋಮ್ ಕಿಪ್ಪೂರ್ ಆರಂಭವಾಯಿತು.

ಇದರಿಂದ ಏನು ಸಿದ್ಧವಾಗುತ್ತದೆ? ಕೃಷ್ಣದೇವರಾಯನ ರಾಜಧಾನಿಯಲ್ಲಿ ಯೆಹೂದಿಗಳು ನೆಲೆಸಿದ್ದರೆಂದು ಸಿದ್ಧವಾಗುವುದಿಲ್ಲ. ಒಂದು ಹಬ್ಬ ಇನ್ನೊಂದರಿಂದ ಬಂತೆಂದಂತೂ ಆಗುವುದೇ ಇಲ್ಲ. ಅಂಥ ಮಾತುಗಳು ಪ್ರವಾಸಿ ಊರುಗಳಲ್ಲಿ ಬೇಗ ಹುಟ್ಟುತ್ತವೆ, ನಿಧಾನಕ್ಕೆ ಸಾಯುತ್ತವೆ. ಎರಡು ಸಮುದಾಯಗಳು ಒಂದೇ ಚಂದ್ರನನ್ನು ಹಿಡಿದು ತಿಂಗಳನ್ನೂ, ಒಂದೇ ಸೂರ್ಯನನ್ನು ಹಿಡಿದು ವರ್ಷವನ್ನೂ ಅಳೆದರೆ ಹಬ್ಬಗಳು ಅಕ್ಕಪಕ್ಕ ಬಂದು ನಿಲ್ಲುವುದು ಗಣಿತದ ಕೆಲಸ. ನಮ್ಮ ಕುತೂಹಲಕ್ಕೆ ವಿಷಯವಾಗಬೇಕಾದದ್ದು ಎರಡು: ಅವು ಯಾವ ವರ್ಷ ಕೂಡುತ್ತವೆ, ಯಾವ ವರ್ಷ ಕೂಡುವುದಿಲ್ಲ ಎಂಬುದು, ಮತ್ತು ಚಂದ್ರನ ಹಂಗಿಲ್ಲದೆ ಏಳು ದಿನಕ್ಕೊಮ್ಮೆ ನಡೆಯುವ, ಅವರ ಧರ್ಮಗ್ರಂಥ ತೋರಾದ ವಾಚನಕ್ಕೆ ಹಂಪಿ, ಹೊಸಪೇಟೆ, ಸಂಡೂರು, ಕಂಪ್ಲಿಯ ಬದುಕಿನಲ್ಲಿ ಸರಿಸಾಟಿ ಏನಾದರೂ ಇದೆಯೇ ಎಂಬುದು.

ಮೊದಲನೆಯದನ್ನು ನೋಡೋಣ. ಕಳೆದ ವರ್ಷಗಳಲ್ಲಿ 2017, 2022, 2024, 2025ರಲ್ಲಿ ಯೋಮ್ ಕಿಪ್ಪೂರ್ ಮತ್ತು ವಿಜಯದಶಮಿ ಒಂದೇ ತಾರೀಕಿಗೆ ಬಂದಿವೆ: ಕ್ರಮವಾಗಿ ಸೆಪ್ಟೆಂಬರ್ 30, ಅಕ್ಟೋಬರ್ 5, ಅಕ್ಟೋಬರ್ 12, ಅಕ್ಟೋಬರ್ 2. 2016 ಮತ್ತು 2019ರಲ್ಲಿ ಒಂದು ದಿನದ ಅಂತರ. ಆದರೆ 2018, 2020, 2021, 2023ರಲ್ಲಿ ಅಂತರ ಸುಮಾರು ಒಂದು ತಿಂಗಳು. 2026ರಲ್ಲೂ ಹಾಗೇ: ಯೋಮ್ ಕಿಪ್ಪೂರ್ ಸೆಪ್ಟೆಂಬರ್ 21ಕ್ಕೆ, ನವರಾತ್ರಿಯ ಆರಂಭವೇ ಅಕ್ಟೋಬರ್ 11ಕ್ಕೆ.

ಕಾರಣ ಅಧಿಕ ಮಾಸ. ಚಾಂದ್ರ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಅದನ್ನು ಸರಿದೂಗಿಸಲು ಎರಡೂ ಪಂಚಾಂಗಗಳು ಸರಿಸುಮಾರು 19 ವರ್ಷಕ್ಕೆ 7 ತಿಂಗಳು ಸೇರಿಸುತ್ತವೆ. ಸೇರಿಸುವ ಜಾಗ ಮಾತ್ರ ಬೇರೆ. ನಮ್ಮಲ್ಲಿ ಯಾವ ಚಾಂದ್ರ ಮಾಸದಲ್ಲಿ ಸಂಕ್ರಮಣ ಬೀಳುವುದಿಲ್ಲವೋ ಅದು ಅಧಿಕ. ಹಾಗಾಗಿ 2018ರಲ್ಲಿ ಅಧಿಕ ಜ್ಯೇಷ್ಠ, 2020ರಲ್ಲಿ ಅಧಿಕ ಆಶ್ವಯುಜ, 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಮತ್ತೆ ಅಧಿಕ ಜ್ಯೇಷ್ಠ. ಯೆಹೂದಿಗಳಲ್ಲಿ ಹೆಚ್ಚುವರಿ ತಿಂಗಳು ಯಾವಾಗಲೂ ಅದಾರ್, ಅಂದರೆ ಚಳಿಗಾಲದ ಕೊನೆಗೆ; ಅದೂ 19 ವರ್ಷದ ಚಕ್ರದಲ್ಲಿ ಮೊದಲೇ ಗೊತ್ತುಮಾಡಿದ ವರ್ಷಗಳಲ್ಲಿ. ಈಚಿನವು 2019, 2022, 2024ರ ಆರಂಭಕ್ಕೆ ಬಂದವು, ಮುಂದಿನದು 2027ಕ್ಕೆ. ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಸಂಗತಿ ತಾನೇ ತೆರೆದುಕೊಳ್ಳುತ್ತದೆ: ಈ ದಶಕದಲ್ಲಿ ಪ್ರತಿ ಸಲವೂ ನಮ್ಮವರು ಮೊದಲು ತಿಂಗಳು ಸೇರಿಸಿದ್ದಾರೆ, ಅವರು ಆಮೇಲೆ. ನಮ್ಮ ಅಧಿಕ ಮಾಸದಿಂದ ಅವರ ಎರಡನೆಯ ಅದಾರ್‌ವರೆಗಿನ ಅವಧಿಯಲ್ಲಿ ಬೀಳುವ ಹಬ್ಬಗಳೆಲ್ಲ ತಿಂಗಳಷ್ಟು ಹಿಂದುಮುಂದಾಗುತ್ತವೆ. ಉಳಿದ ಕಾಲದಲ್ಲಿ ಕೂಡಿ ನಡೆಯುತ್ತವೆ.

ಒಂದು ದಿನದ ಸಣ್ಣ ವ್ಯತ್ಯಾಸಕ್ಕೆ ಕಾರಣ ಬೇರೆ. ರೋಶ್ ಹಶಾನಾ ಭಾನುವಾರ, ಬುಧವಾರ, ಶುಕ್ರವಾರ ಬೀಳಕೂಡದೆಂಬ ನಿಯಮವಿದೆ, ಬಿದ್ದರೆ ಮುಂದೂಡುತ್ತಾರೆ. ಯೋಮ್ ಕಿಪ್ಪೂರ್ ಶುಕ್ರವಾರವೋ ಭಾನುವಾರವೋ ಬಂದರೆ ಒಲೆ ಹಚ್ಚುವಂತಿಲ್ಲದ ಎರಡು ದಿನ ಒಟ್ಟಿಗೆ ಬಂದುಬಿಡುತ್ತವೆ, ಬುಧವಾರ, ಶುಕ್ರವಾರಗಳ ತಡೆ ಅದನ್ನು ತಪ್ಪಿಸುವುದಕ್ಕೆ. 1520ರಲ್ಲಿ ಅಮಾವಾಸ್ಯೆ ಮುಗಿದ ಲೆಕ್ಕ ಬುಧವಾರಕ್ಕೆ ಬಂದಿತ್ತು, ಹಬ್ಬ ಗುರುವಾರಕ್ಕೆ ಸರಿಯಿತು. ತಿಥಿ ಮಧ್ಯಾಹ್ನಕ್ಕೆ ಬದಲಾದರೆ ಹಬ್ಬ ಇವತ್ತೋ ನಾಳೆಯೋ ಎಂದು ಚರ್ಚೆ ಮಾಡುವ ನಮ್ಮ ಮನೆಗಳಿಗೆ ಇದು ಅಪರಿಚಿತ ಸಂಗತಿಯಲ್ಲ.

ಆಚರಣೆಯ ಮಟ್ಟದಲ್ಲಿ ಒಂದೇ ಒಂದು ಹೋಲಿಕೆಯನ್ನು ನಾನು ಗಟ್ಟಿಯೆಂದು ಒಪ್ಪುತ್ತೇನೆ. ಯೋಮ್ ಕಿಪ್ಪೂರ್‌ಗೆ ಮುಂಚೆ ಯೆಹೂದಿಗಳು ತಾವು ನೋಯಿಸಿದ ಜನರ ಬಳಿಗೆ ಹೋಗಿ ಕ್ಷಮೆ ಕೇಳಬೇಕು. ಮನುಷ್ಯರಿಗೆ ಮಾಡಿದ ತಪ್ಪನ್ನು ದೇವರೊಬ್ಬನೇ ಮನ್ನಿಸಲಾರ ಎಂಬುದು ಅವರ ಶಾಸ್ತ್ರ. ಹೊಸಪೇಟೆಯಲ್ಲಿ ವಿಜಯದಶಮಿಯ ಸಂಜೆ ಬನ್ನಿ ಹಂಚುತ್ತ, ಬಂಗಾರದಂಗ ಇರೋಣ ಎಂದು ಹೇಳಿಕೊಳ್ಳುತ್ತ, ವರ್ಷದ ಮುನಿಸನ್ನು ಅಲ್ಲಿಗೇ ಬಿಡುವುದಿದೆ. ಉಳಿದಂತೆ ಒಂದು ಕಡೆ 25 ಗಂಟೆ ನೀರೂ ಮುಟ್ಟದ ಉಪವಾಸ, ಇನ್ನೊಂದು ಕಡೆ ಊಟ. ಹೋಲಿಕೆ ಅಲ್ಲಿಗೆ ನಿಲ್ಲಲಿ.

ಹುಣ್ಣಿಮೆಗಳ ಲೆಕ್ಕ ಇನ್ನೂ ನೇರ. ತಿಶ್ರಿಯ ಹುಣ್ಣಿಮೆಗೆ ಬರುವ ಪರ್ಣಕುಟಿಯ ಹಬ್ಬ ಸುಕ್ಕೋತ್ ನಮ್ಮ ಸೀಗಿ ಹುಣ್ಣಿಮೆಗೆ ಸರಿಹೊಂದುತ್ತದೆ. ಅದಾರ್ ಹುಣ್ಣಿಮೆಯ ಪೂರಿಮ್ ನಮ್ಮ ಹೋಳಿ ಹಬ್ಬಕ್ಕೆ; 2025ರಲ್ಲಿ ಎರಡೂ ಮಾರ್ಚ್ 14ಕ್ಕೆ ಬಂದವು. ನಿಸ್ಸಾನ್ ಹುಣ್ಣಿಮೆಗೆ ಬರುವ ಬಿಡುಗಡೆಯ ಹಬ್ಬ ಪೆಸಾಖ್ ನಮ್ಮ ದವನದ ಹುಣ್ಣಿಮೆಗೆ, ಅಂದರೆ ಹಂಪಿಯಲ್ಲಿ ವಿರೂಪಾಕ್ಷ ಪಂಪಾಂಬಿಕೆಯರ ಕಲ್ಯಾಣ, ರಥೋತ್ಸವ ನಡೆಯುವ ಕಾಲಕ್ಕೆ. 2022, 2023, 2024ರಲ್ಲಿ ಪೆಸಾಖ್‌ನ ಮೊದಲ ದಿನವೂ ಚೈತ್ರ ಹುಣ್ಣಿಮೆಯೂ ಒಂದೇ ತಾರೀಕು. 2021ರಲ್ಲಿ ಮಾತ್ರ ಮೇಲೆ ಹೇಳಿದ ಅಧಿಕ ಮಾಸದ ದೆಸೆಯಿಂದ ಪೆಸಾಖ್ ಹಿಂದಿನ ಹುಣ್ಣಿಮೆಗೆ, ಮಾರ್ಚ್ 28ರ ಹೋಳಿ ಹುಣ್ಣಿಮೆಯ ದಿನಕ್ಕೆ ಹೋಯಿತು. ಪೆಸಾಖ್ ವಾರದಲ್ಲಿ ಓದುವ ಗ್ರಂಥಗಳಲ್ಲಿ ಪರಮಗೀತವೂ ಒಂದು, ಪ್ರಿಯತಮ ಪ್ರಿಯತಮೆಯರ ಹಾಡು. ಪಂಪೆಯ ಮದುವೆಯ ಹುಣ್ಣಿಮೆಗೆ ಇದು ಒಪ್ಪುವ ಓದು ಎಂದು ಅನ್ನಿಸಿದರೆ ತಪ್ಪಿಲ್ಲ. ಅದರಾಚೆಗೆ ವಾದ ಕಟ್ಟುವುದು ಬೇಡ.

ಇಲ್ಲಿ ಒಂದು ಚಾಲ್ತಿಯ ಹೋಲಿಕೆಯನ್ನು ತಿದ್ದಬೇಕಾಗಿದೆ. ದೀಪಗಳ ಹಬ್ಬವೆಂಬ ಕಾರಣಕ್ಕೆ ಹನುಕ್ಕಾವನ್ನು ದೀಪಾವಳಿಯ ಜೊತೆ ಇಡುವುದು ರೂಢಿ. ಚಂದ್ರನ ಲೆಕ್ಕ ಅದನ್ನು ಒಪ್ಪುವುದಿಲ್ಲ. ದೀಪಾವಳಿ ಆಶ್ವಯುಜದ ಅಮಾವಾಸ್ಯೆ. ಹನುಕ್ಕಾ ಕಿಸ್ಲೇವ್ ಮಾಸದ 25ಕ್ಕೆ ಶುರುವಾಗಿ ಎಂಟು ದಿನ ನಡೆಯುವಂಥದ್ದು, ಅದು ಸಾಮಾನ್ಯವಾಗಿ ಮಾರ್ಗಶಿರದ ಅಮಾವಾಸ್ಯೆಯನ್ನು ಸುತ್ತಿಕೊಂಡಿರುತ್ತದೆ. ಅಂದರೆ ಅದರ ಜೊತೆಗಾರ ಹಬ್ಬ ನಮ್ಮ ಎಳ್ಳ ಅಮಾವಾಸ್ಯೆ. 2024ರಲ್ಲಿ ಹನುಕ್ಕಾದ ಮೊದಲ ದೀಪ ಡಿಸೆಂಬರ್ 25ರ ಸಂಜೆ, ಎಳ್ಳ ಅಮಾವಾಸ್ಯೆ ಡಿಸೆಂಬರ್ 30ಕ್ಕೆ. ಬಳ್ಳಾರಿ, ಕೊಪ್ಪಳದ ಎರೆಹೊಲಗಳಲ್ಲಿ ರೈತರು ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುವ ದಿನಗಳಲ್ಲೇ ಅವರ ಮನೆಗಳಲ್ಲಿ ದಿನಕ್ಕೊಂದರಂತೆ ದೀಪ ಏರುತ್ತಿರುತ್ತದೆ. ವಿಷಯದಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಅದೇ ನನ್ನ ಮಾತು: ಚಂದ್ರ ಕೂಡಿಸುವ ಹಬ್ಬಗಳು ಬೇರೆ, ನಾವು ರೂಪ ನೋಡಿ ಕೂಡಿಸುವ ಹಬ್ಬಗಳು ಬೇರೆ.

ಆದರೆ ಈ ಸಾಮೀಪ್ಯವನ್ನು ಬದುಕಿನಲ್ಲಿ ಬಳಸಿಕೊಂಡವರೂ ಇದ್ದಾರೆ. ಕೊಂಕಣದ ಬೆನೆ ಇಸ್ರೇಲರು, ಎಣ್ಣೆ ಗಾಣದ ಕಸುಬಿನವರು, ಶನಿವಾರ ಗಾಣ ಕಟ್ಟದ ಕಾರಣಕ್ಕೆ ಸುತ್ತಲಿನವರಿಂದ ಶನಿವಾರ್ ತೇಲಿ ಎಂದು ಕರೆಸಿಕೊಂಡವರು, ತಮ್ಮ ಹಬ್ಬಗಳಿಗೆ ಮರಾಠಿ ಹೆಸರುಗಳನ್ನೇ ಇಟ್ಟುಕೊಂಡಿದ್ದರು. ಹಯೀಂ ಸ್ಯಾಮ್ಯುಯೆಲ್ ಕೆಹಿಮ್‌ಕರ್ ಬರೆದ ಸಮುದಾಯದ ಇತಿಹಾಸ 1937ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಹೆಸರುಗಳೆಲ್ಲ ಇವೆ. ಅವರಿಗೆ ಪೂರಿಮ್ ಎಂದರೆ ಹೋಳಿಚಾ ಸಣ್, ಸುಕ್ಕೋತ್‌ನ ಋತುವಿನದು ಖೀರಿಚಾ ಸಣ್, ಯೋಮ್ ಕಿಪ್ಪೂರ್ ಬಾಗಿಲು ಮುಚ್ಚುವ ಹಬ್ಬ. ಗ್ರಂಥವೂ ಗುರುವೂ ಇಲ್ಲದ ಶತಮಾನಗಳಲ್ಲಿ ಅವರು ತಮ್ಮ ತಿಥಿಯನ್ನು ನೆನಪಿಟ್ಟುಕೊಂಡದ್ದು ನೆರೆಯವರ ಹುಣ್ಣಿಮೆಯ ಆಸರೆಯಿಂದಲೇ ಇರಬೇಕು ಎಂದು ಊಹಿಸಲು ಹೋಳಿಚಾ ಸಣ್ ಎಂಬ ಒಂದು ಹೆಸರು ಸಾಕು.

ಗ್ರಂಥವಿಲ್ಲದ್ದು ಎಂದೆ. ಅದೇ ಎರಡನೆಯ ಪ್ರಶ್ನೆ. ಹಬ್ಬವನ್ನು ಚಂದ್ರನಿಂದ ಹಿಡಿಯಬಹುದು, ವಾರದ ಓದನ್ನು ಹಿಡಿಯಲಾಗದು. ತೋರಾ ಎಂಬುದು ಮೋಶೆಯ ಐದು ಗ್ರಂಥಗಳು. ಅದನ್ನು 54 ಪರಾಶಾಗಳಾಗಿ ಹಂಚಿ ಶನಿವಾರದ ಶಬ್ಬಾತ್ ಬೆಳಗ್ಗೆ ಒಂದೊಂದನ್ನು, ಕೆಲವು ವಾರ ಎರಡೆರಡನ್ನು, ಸುರುಳಿ ಬಿಚ್ಚಿ ರಾಗವಾಗಿ ಓದುತ್ತಾರೆ. ಸುಕ್ಕೋತ್ ಮುಗಿದ ಬೆನ್ನಿಗೆ ಬರುವ ಸಿಮ್ಹತ್ ತೋರಾ ದಿನ ಕೊನೆಯ ಸಾಲುಗಳನ್ನು ಓದಿ ಅದೇ ಕೂಟದಲ್ಲಿ ಸೃಷ್ಟಿಯ ಮೊದಲ ಸಾಲುಗಳಿಗೆ ಮರಳುತ್ತಾರೆ. ಸೋಮವಾರ, ಗುರುವಾರ ಮುಂದಿನ ಪರಾಶಾದ ತುಣುಕನ್ನು ಓದುವುದುಂಟು. ಸಾರ್ವಜನಿಕ ವಾಚನಕ್ಕೆ ಸಾಂಪ್ರದಾಯಿಕವಾಗಿ ಹತ್ತು ಮಂದಿ ವಯಸ್ಕ ಪುರುಷರು ಕೂಡಿರಬೇಕು. ಒಬ್ಬನೇ ಕೂತು ಓದಿದರೆ ಅದು ಅಭ್ಯಾಸ, ವಾಚನವಲ್ಲ.

ಈ ಹತ್ತರ ಲೆಕ್ಕ ನಮ್ಮ ನಾಡಿನ ಹಳೆಯ ಯೆಹೂದಿಯೊಬ್ಬನನ್ನು ನೆನಪಿಗೆ ತರುತ್ತದೆ. ತುನೀಸಿಯಾದ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗಿನ ಹೆಚ್ಚಿನ ಕಾಲವನ್ನು ಮಲಬಾರ್ ಮತ್ತು ತುಳುನಾಡ ಕರಾವಳಿಯಲ್ಲಿ ಕಳೆದ ವ್ಯಾಪಾರಿ. ಆಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವನ್ನು ಅವನು 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ ಬರೆದ. ಕಂಚಿನ ಪಾತ್ರೆಯ ಕಾರ್ಖಾನೆ ನಡೆಸುತ್ತಿದ್ದ. ಏಡನ್‌ನಿಂದ ಗೆಳೆಯರು ಅವನಿಗೆ ಕಾಗದ ಕಳಿಸುತ್ತಿದ್ದರು. ಶಾಸ್ತ್ರ ಬಲ್ಲವನು, ಪ್ರಾರ್ಥನಾ ಪದ್ಯ ಬರೆದವನು. ಆದರೆ ಈ ಕರಾವಳಿಯಲ್ಲಿ ವಾಚನಕ್ಕೆ ಬೇಕಾದ ಹತ್ತು ಮಂದಿ ಅವನಿಗೆ ಸಿಗುತ್ತಿದ್ದರೋ ಇಲ್ಲವೋ. ಅವನು ಕೊನೆಗೆ ಸೇರಿದ ಹಳೆಯ ಕೈರೋದ ಫುಸ್ತಾತ್‌ನಲ್ಲಿ ಆಗ ಎರಡು ಸಿನಗಾಗ್‌ಗಳು ಎರಡು ಕ್ರಮದಲ್ಲಿ ಓದುತ್ತಿದ್ದವು: ಬಾಬಿಲೋನಿನ ಕಡೆಯವರು ತೋರಾವನ್ನು ವರ್ಷಕ್ಕೊಮ್ಮೆ ಮುಗಿಸುವರು, ಪ್ಯಾಲೆಸ್ಟೈನ್ ಕಡೆಯವರು ಚಿಕ್ಕ ಚಿಕ್ಕ ಭಾಗಗಳಲ್ಲಿ ಮೂರು ವರ್ಷಕ್ಕೊಮ್ಮೆ. ಕೆಲ ಕಾಲದ ನಂತರ ಅಲ್ಲಿಗೆ ಬಂದ ಯೆಹೂದಿ ಪ್ರವಾಸಿ ಟುಡೇಲಾದ ಬೆಂಜಮಿನ್ ಇದನ್ನು ದಾಖಲಿಸಿದ್ದಾನೆ. ಬೆನ್ ಯಿಜುವಿನ ಕಾಗದಗಳು ಉಳಿದು ಬಂದದ್ದು ಇದರಲ್ಲಿ ಎರಡನೆಯ ಸಿನಗಾಗ್‌ನ ಹಳೆಯ ಬರಹಗಳನ್ನು ಕೂಡಿಡುವ ಗೆನಿಜಾ ಕೋಣೆಯಲ್ಲಿ. ಇಂದು ಲೋಕವೆಲ್ಲ ಹಿಡಿದಿರುವುದು ಬಾಬಿಲೋನಿನ ವಾರ್ಷಿಕ ಕ್ರಮವನ್ನು.

ಬೆನೆ ಇಸ್ರೇಲರ ವಾಚನದ ಕಥೆಯಂತೂ ಕರ್ನಾಟಕದ ಸೆರೆಮನೆಯನ್ನು ಹಾದು ಹೋಗುತ್ತದೆ. ಕಂಪನಿ ಸೈನ್ಯದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ಮರಾಠಿಯಲ್ಲಿ ಸಾಮಾಜಿ ಹಸಾಜಿ, ಎರಡನೆಯ ಮೈಸೂರು ಯುದ್ಧದಲ್ಲಿ ಬಿದನೂರು 1783ರಲ್ಲಿ ಟಿಪ್ಪುವಿನ ವಶವಾದಾಗ ಸೆರೆಸಿಕ್ಕರು. ಇವರು ಇಸ್ರೇಲಿನ ಮಕ್ಕಳೆಂದು ತಿಳಿದ ಟಿಪ್ಪುವಿನ ತಾಯಿ ಬಿಡಿಸಿದಳು ಎಂಬುದು ಸಮುದಾಯದ ಕಥೆ. ಕಥೆಯೆಂದೇ ಅದನ್ನು ಇಟ್ಟುಕೊಳ್ಳೋಣ. ಬದುಕಿ ಬಂದರೆ ಪ್ರಾರ್ಥನಾ ಮಂದಿರ ಕಟ್ಟಿಸುವೆನೆಂದು ಹೊತ್ತ ಹರಕೆಯ ಫಲ ಮಾತ್ರ ಕಲ್ಲಿನಲ್ಲಿದೆ: 1796ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಎದ್ದ ಕರುಣೆಯ ಬಾಗಿಲು, ಆ ಸಮುದಾಯದ ಮೊದಲ ಸಿನಗಾಗ್. ದಿವೇಕರ್ ಮರುವರ್ಷ ಕೊಚ್ಚಿಯಲ್ಲಿ ತೀರಿಕೊಂಡರು. ಶೆಮಾ ಎಂಬ ಒಂದೇ ಮಂತ್ರವನ್ನು ಮದುವೆಗೂ ಮಣ್ಣಿಗೂ ಹೇಳುತ್ತ ಬಂದಿದ್ದ ಜನಕ್ಕೆ ಶನಿವಾರದ ವಾಚನ ನೆಲೆಯಾಗಿ ದಕ್ಕಿದ್ದು ಈ ಹರಕೆಯಿಂದ.

ಹೊಸಪೇಟೆ ಸೀಮೆಗೆ ತೋರಾದ ಪಠ್ಯ ಬಂದ ದಾರಿ ಯೆಹೂದಿಗಳದ್ದಲ್ಲ, ಮಿಷನರಿಗಳದ್ದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ನಿಘಂಟುಕಾರ ವಿಲಿಯಂ ರೀವ್ ಅವರ ಜೊತೆಗಾರರು. 1830ರ ದಶಕದ ಆರಂಭಕ್ಕೆ ಹಳೆಯ ಒಡಂಬಡಿಕೆ ಪೂರ್ತಿಯಾಗಿ ಕನ್ನಡದಲ್ಲಿತ್ತು. ಅಂದರೆ ಮೋಶೆಯ ಐದು ಗ್ರಂಥಗಳು ಮೊದಲು ಕನ್ನಡವಾದದ್ದು ಹಂಪಿಯಿಂದ ಒಂದೆರಡು ದಿನದ ಎತ್ತಿನ ಗಾಡಿಯ ದಾರಿಯಲ್ಲಿ. ಬಳ್ಳಾರಿಯ ಮಿಷನರಿಗಳು ಹಂಪಿಯ ಜಾತ್ರೆಗೆ ಬಂದು ಬೋಧನೆ ಮಾಡುತ್ತಿದ್ದರು. ಐಗುಪ್ತದಿಂದ ಬಿಡುಗಡೆಯ ಕಥೆ ಪೆಸಾಖ್ ಹುಣ್ಣಿಮೆಗೆ ಯೆಹೂದಿ ಮನೆಗಳಲ್ಲಿ ಓದುವ ಕಥೆ ಎಂಬುದು ಆ ಚೈತ್ರದ ಜಂಗುಳಿಯಲ್ಲಿ ಯಾರಿಗೂ ಮುಖ್ಯವಾಗಿರಲಾರದು, ಹೇಳುವವರಿಗೂ ಕೇಳುವವರಿಗೂ.

ಈ ಅನುವಾದ ಒಂದನ್ನು ಕೊಡಲಿಲ್ಲ: ವಾರದ ಗಡಿಗಳನ್ನು. ಕ್ರೈಸ್ತ ಬೈಬಲಿನ ಅಧ್ಯಾಯ ವಿಭಜನೆ 13ನೆಯ ಶತಮಾನದ್ದು. ಪರಾಶಾ ವಿಭಜನೆ ಅದಕ್ಕಿಂತ ಹಳೆಯದು, ಎರಡೂ ಒಂದಕ್ಕೊಂದು ಕೂಡುವುದಿಲ್ಲ. ನೋಹನ ಪರಾಶಾ ಆದಿಕಾಂಡದ 6ನೆಯ ಅಧ್ಯಾಯದ 9ನೆಯ ವಚನದಿಂದ, ಯಾಕೋಬನ ಪಯಣದ ಪರಾಶಾ 28ನೆಯ ಅಧ್ಯಾಯದ 10ನೆಯ ವಚನದಿಂದ ಶುರು. ಕನ್ನಡ ಬೈಬಲ್ ಕೈಯಲ್ಲಿ ಹಿಡಿದು ಈ ವಾರದ ಓದು ಯಾವುದೆಂದು ಹುಡುಕುವವರು ಅಧ್ಯಾಯದ ನಡುವೆಯೇ ಬೆರಳಿಡಬೇಕು. ಅದು ಸಣ್ಣ ತೊಡಕಲ್ಲ. ಎಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆ ಕಥೆಯ ಅರ್ಥ ನಿಂತಿರುತ್ತದೆ ಎಂಬುದನ್ನು ಭಾರತ ವಾಚನ ಕೇಳಿದವರೆಲ್ಲ ಬಲ್ಲರು.

ಯೆಹೂದಿಗಳೇ ಈ ಸೀಮೆಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ನಮ್ಮ ಕಾಲದಲ್ಲಿ, ಬೆನ್ನುಚೀಲ ಹೊತ್ತು, ಸೈನ್ಯದ ಕಡ್ಡಾಯ ಸೇವೆ ಮುಗಿಸಿದ ಇಸ್ರೇಲಿ ತರುಣ ತರುಣಿಯರಾಗಿ. ವಿರೂಪಾಕ್ಷ ಗುಡಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿ ಹೀಬ್ರೂ ಲಿಪಿಯ ಫಲಕ, ತಿಂಡಿಪಟ್ಟಿಗಳು ಸಾಮಾನ್ಯ ನೋಟವಾಗಿದ್ದವು. 2020ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟ್‌ಗಳು ನೆಲಸಮವಾದವು. ವಸತಿ ಸಾಣಾಪುರ, ಆನೆಗೊಂದಿ, ಹನುಮನಹಳ್ಳಿಯತ್ತ ಸರಿಯಿತು. ಈ ಪ್ರವಾಸಿಗಳಲ್ಲಿ ಬಹಳಷ್ಟು ಮಂದಿ ಧಾರ್ಮಿಕ ಶಿಸ್ತಿನವರಲ್ಲ, ಅವರನ್ನು ಶ್ರದ್ಧೆಯ ಪ್ರತಿನಿಧಿಗಳೆಂದು ತಿಳಿಯುವುದು ತಪ್ಪು. ಆದರೂ ಅವರ ಋತುವನ್ನು ವಾಚನಕ್ರಮದ ಮೇಲಿಟ್ಟು ನೋಡಬಹುದು. ಹಂಪಿಯ ಪ್ರವಾಸದ ಕಾಲ ಅಕ್ಟೋಬರಿನಿಂದ ಮಾರ್ಚ್‌ವರೆಗೆ. ತೋರಾದ ಓದಿನಲ್ಲಿ ಅದು ಹೆಚ್ಚುಕಡಿಮೆ ಆದಿಕಾಂಡ, ವಿಮೋಚನಕಾಂಡಗಳ ಕಾಲ. ಕಥೆಗಳ ಭಾಗ ಹಂಪಿಯ ಋತುವಿಗೆ ಬರುತ್ತದೆ, ಯಾಜಕಕಾಂಡದ ಶುದ್ಧಿ, ಬಲಿ ನಿಯಮಗಳು ಬೇಸಗೆಗೆ.

ಆ ಕಥೆಗಳಲ್ಲೊಂದು ಈ ಬಂಡೆಗಳ ನಾಡಿನಲ್ಲಿ ಬೇರೆಯೇ ಆಗಿ ಕೇಳಿಸುತ್ತದೆ. ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಓದುವ ಯಾಕೋಬನ ಪರಾಶಾದಲ್ಲಿ ಅವನು ಬಯಲಲ್ಲಿ ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾನೆ, ಏಣಿಯ ಕನಸು ಕಾಣುತ್ತಾನೆ, ಬೆಳಗ್ಗೆ ಅದೇ ಕಲ್ಲನ್ನು ನೆಟ್ಟು ನಿಲ್ಲಿಸಿ ಅದರ ಮೇಲೆ ಎಣ್ಣೆ ಹೊಯ್ಯುತ್ತಾನೆ. ಹೇಮಕೂಟದಿಂದ ಮಾತಂಗ ಬೆಟ್ಟದವರೆಗೆ ಎಣ್ಣೆ ಕುಡಿದು ಕಪ್ಪಾದ ಎಷ್ಟು ಕಲ್ಲುಗಳಿಲ್ಲ! ಅದೇ ತೋರಾ ಧರ್ಮೋಪದೇಶಕಾಂಡದ 16ನೆಯ ಅಧ್ಯಾಯದಲ್ಲಿ ಇಂಥ ಕಲ್ಲು ನಿಲ್ಲಿಸುವುದನ್ನು ನಿಷೇಧಿಸುತ್ತದೆ. ಆ ಭಾಗದ ಓದು ಬರುವುದು ಆಗಸ್ಟ್, ಸೆಪ್ಟೆಂಬರಿನ ಮಳೆಗಾಲದಲ್ಲಿ, ಹಂಪಿಯಲ್ಲಿ ಪ್ರವಾಸಿಗಳಿಲ್ಲದ ಹೊತ್ತಿಗೆ. ಪೂರ್ವಜ ಮಾಡಿದ್ದು ಮುಂದೆ ಏಕೆ ನಿಷಿದ್ಧವಾಯಿತು ಎಂಬುದನ್ನು ಯೆಹೂದಿ ವ್ಯಾಖ್ಯಾನಕಾರರು ಬಹಳ ಕಾಲ ಚರ್ಚಿಸಿದ್ದಾರೆ. ಕಲ್ಲಿಗೂ ದೇವರಿಗೂ ನಡುವಿನ ಗೆರೆ ಅವರಲ್ಲೂ ಒಂದೇ ದಿನದಲ್ಲಿ ಎಳೆದದ್ದಲ್ಲ.

ಇನ್ನು ಸರಿಸಾಟಿಯ ಪ್ರಶ್ನೆ. ಯುಗಾದಿಯ ಪಂಚಾಂಗ ಶ್ರವಣ ವರ್ಷಕ್ಕೊಮ್ಮೆ. ಮಠಗಳ ಶ್ರಾವಣ ಮಾಸದ ಪುರಾಣ ಪ್ರವಚನ ಒಂದು ತಿಂಗಳು, ಯಾವ ಪುರಾಣ ಎಂಬುದು ಆಯಾ ವರ್ಷದ ಆಯ್ಕೆ. ಎಲ್ಲ ಊರಿನಲ್ಲೂ ಅದೇ ವಾರ ಅದೇ ಭಾಗ ಎಂಬ ಕಟ್ಟು ನಮ್ಮ ವಾಚನ ಪರಂಪರೆಗಿಲ್ಲ. ಆ ಕಟ್ಟು ಅವರಲ್ಲೂ ಕೆಲವೊಮ್ಮೆ ಸಡಿಲುತ್ತದೆ: ಹೊರದೇಶದ ಯೆಹೂದಿಗಳಿಗೆ ಪೆಸಾಖ್ ಒಂದು ದಿನ ಹೆಚ್ಚು, ಆ ಹೆಚ್ಚಿನ ದಿನ ಶನಿವಾರ ಬಿದ್ದರೆ ಇಸ್ರೇಲಿನಲ್ಲಿ ಓದು ಒಂದು ವಾರ ಮುಂದೆ ಹೋಗಿಬಿಡುತ್ತದೆ. 2022ರಲ್ಲಿ ಏಪ್ರಿಲ್ ಕೊನೆಯಿಂದ ಜುಲೈ ಕೊನೆಯವರೆಗೂ ಹಾಗಾಗಿತ್ತು. ಆದರೆ ಅದು ಅಪವಾದ. ಹೀಗಿರುವಾಗ ಹೋಲಿಕೆಗೆ ನಾವು ಹೋಗಬೇಕಾದದ್ದು ಹಬ್ಬದ ವೈಭವದ ಕಡೆಗಲ್ಲ, ಮಳೆಯ ಕಡೆಗೆ.

ಮಳೆ ತಡೆದ ವರ್ಷ ಊರಿನ ಗುಡಿಯಲ್ಲೋ ಕಟ್ಟೆಯಲ್ಲೋ ಕುಮಾರವ್ಯಾಸ ಭಾರತದ ವಿರಾಟಪರ್ವ ಓದಿಸುವುದು ಕನ್ನಡ ನಾಡಿನ ಹಳೆಯ ನಂಬಿಕೆ. ಇಲ್ಲಿ ಓದು ಕಥೆ ಕೇಳುವುದಕ್ಕಲ್ಲ, ಮೋಡ ಕರೆಯುವುದಕ್ಕೆ. ಯಾವ ಪರ್ವ ಎಂಬುದು ಗೊತ್ತಾಗಿದೆ, ಯಾವಾಗ ಎಂಬುದನ್ನು ಆಕಾಶ ಹೇಳುತ್ತದೆ. ತೋರಾದಲ್ಲಿ ಮಳೆಯ ಮಾತು ಬರುವುದು ಏಕೆವ್ ಎಂಬ ಪರಾಶಾದಲ್ಲಿ, ಧರ್ಮೋಪದೇಶಕಾಂಡದ 11ನೆಯ ಅಧ್ಯಾಯ. ಐಗುಪ್ತದಲ್ಲಿ ಬೀಜ ಬಿತ್ತಿ ಕಾಯಿಪಲ್ಲೆಯ ತೋಟಕ್ಕೆ ಹಾಯಿಸುವ ಹಾಗೆ ಕಾಲಿನಿಂದ ನೀರು ಕಟ್ಟುತ್ತಿದ್ದಿರಿ. ಈಗ ಹೋಗುವುದು ಬೆಟ್ಟ ಕಣಿವೆಗಳ ನಾಡು, ಅದು ಆಕಾಶದ ಮಳೆಯನ್ನೇ ಕುಡಿಯುತ್ತದೆ, ನಡೆ ಕೆಟ್ಟರೆ ಮಳೆ ನಿಲ್ಲುತ್ತದೆ ಎಂಬುದು ಅಲ್ಲಿನ ತಾತ್ಪರ್ಯ. ಈ ಭಾಗವನ್ನು ಹೊಸಪೇಟೆಯವರಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲವರು ಕಡಿಮೆ. ರಾಯಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳ ಕೆಳಗೆ ವಿಜಯನಗರದ ಕಾಲದಿಂದ ಬಾಳೆ, ಕಬ್ಬು, ಭತ್ತ ಬೆಳೆದ ನೆಲ ಐಗುಪ್ತದ ಜಾತಿಯದು. ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದ ಸಂಡೂರು ಬೆಟ್ಟ ಕಣಿವೆಯದು, ಮಳೆಯನ್ನೇ ಕುಡಿಯುವುದು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು 1934ರಲ್ಲಿ ಬಂದ ಗಾಂಧೀಜಿ ಹೇಳಿದರೆಂಬ ಮಾತು ಅಲ್ಲಿ ಎಲ್ಲರ ಬಾಯಲ್ಲಿದೆ. ಆ ಹಸುರು ಕಾಲುವೆಯದ್ದಲ್ಲ.

ಏಕೆವ್ ಓದು ಆಗಸ್ಟ್‌ನಲ್ಲಿ ಬರುತ್ತದೆ, ತುಂಗಭದ್ರಾ ಜಲಾಶಯ ತುಂಬುವ ಕಾಲಕ್ಕೆ. 2024ರ ಆಗಸ್ಟ್ 10ರ ಶನಿವಾರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರ ನೀರು ನದಿಗೆ ಹರಿದು ಸ್ಟಾಪ್‌ಲಾಗ್ ಇಳಿಸಿ ತಡೆಯುವ ಹೊತ್ತಿಗೆ ಮುಂದಿನ ಶನಿವಾರ ಬಂದಿತ್ತು. ಯೆಹೂದಿ ವಾಚನದಲ್ಲಿ ಮೊದಲನೆಯದು ಜೆರುಸಲೇಮಿನ ನಾಶದ ಸ್ಮರಣೆಯ ದಿನಕ್ಕೆ ಮುಂಚಿನ ಶೋಕದ ಶಬ್ಬಾತ್, ಎರಡನೆಯದು ಸಮಾಧಾನದ ಶಬ್ಬಾತ್, ಅದರ ಮರುವಾರ ಏಕೆವ್. ಕಾಕತಾಳೀಯ, ದಾಖಲಿಸುತ್ತಿದ್ದೇನೆ ಅಷ್ಟೆ. ವಾರದ ಓದನ್ನು ಹಿಡಿದು ಬದುಕುವವರಿಗೆ ಪ್ರತಿ ಘಟನೆಗೂ ಒಂದು ಪರಾಶಾ ಸಿಕ್ಕೇ ಸಿಗುತ್ತದೆ, ಆ ಕ್ರಮದ ಬಲವೂ ಅಪಾಯವೂ ಅದೇ.

ಮಳೆಯನ್ನು ಬೇಡುವ ಕಾಲ ಮಾತ್ರ ಇಲ್ಲಿಗೆ ತಲೆಕೆಳಗು. ಸುಕ್ಕೋತ್ ಏಳು ದಿನ ಸೊಪ್ಪುಸದೆಯ ಚಾವಣಿಯ ಕೆಳಗೆ ಕೂಡಬೇಕು. ಆಗ ಮಳೆ ಬಂದರೆ, ಆಳು ಒಡೆಯನಿಗೆ ನೀರು ತಂದಾಗ ಒಡೆಯ ಅದನ್ನೇ ಅವನ ಮುಖಕ್ಕೆ ಎರಚಿದ ಹಾಗೆ ಎಂದು ಯೆಹೂದಿ ಶಾಸ್ತ್ರಗ್ರಂಥ ಮಿಶ್ನಾ ಹೇಳುತ್ತದೆ. ಅದಕ್ಕೇ ಮಳೆಯ ಪ್ರಸ್ತಾಪವನ್ನು ಹಬ್ಬದ ಕೊನೆಯ ದಿನಕ್ಕೆ ತಡೆದಿಟ್ಟಿದ್ದಾರೆ. ಇಸ್ರೇಲಿನಲ್ಲಿ ಬೇಸಗೆ ಮುಗಿಯುವ ಲೆಕ್ಕ ಅದು. ಬಳ್ಳಾರಿ, ವಿಜಯನಗರ ಜಿಲ್ಲೆಗಳಲ್ಲಿ ವರ್ಷದ ಒಳ್ಳೆಯ ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಇಲ್ಲಿ ಸುಕ್ಕಾ ಎಂಬ ಆ ಪರ್ಣಕುಟಿ ಕಟ್ಟಲು ಕಬ್ಬಿನ ಜಲ್ಲೆ, ತೆಂಗಿನ ಗರಿಗೆ ಬರವಿಲ್ಲ, ಒಣಗಿ ಕೂತುಕೊಳ್ಳುವ ಭರವಸೆಗೆ ಬರ. ನಿತ್ಯ ಪ್ರಾರ್ಥನೆಯಲ್ಲಿ ಮಳೆ ಕೊಡು ಎಂದು ನೇರವಾಗಿ ಬೇಡುವುದು ಇಸ್ರೇಲಿನಲ್ಲಿ ಹೆಶ್ವಾನ್ ಮಾಸದ 7ರಿಂದ, ಹೊರದೇಶಗಳಲ್ಲಿ ಬಾಬಿಲೋನಿನ ರೂಢಿಯಂತೆ ಡಿಸೆಂಬರ್ 4ರ ಸಂಜೆಯಿಂದ, ಕೆಲವು ವರ್ಷ 5ರಿಂದ. ಬಾಬಿಲೋನಿನ ಗದ್ದೆಗಾಗಿ ಗೊತ್ತುಮಾಡಿದ ಆ ತಾರೀಕು ಲೋಕವೆಲ್ಲಕ್ಕೂ ನಿಂತುಬಿಟ್ಟಿತು. ಬೇಸಗೆಯಲ್ಲೂ ಮಳೆ ಬೇಕಾದ ನಿನೆವೆಯ ಜನ ನಾವೇನು ಮಾಡಬೇಕೆಂದು ಕೇಳಿದ್ದು ಮಿಶ್ನಾವನ್ನು ಚರ್ಚಿಸುವ ತಾಲ್ಮುದಿನಲ್ಲಿದೆ. ಊರಿನ ಸ್ವಂತ ಬೇಡಿಕೆಯಾಗಿ ಬೇರೆ ಪ್ರಾರ್ಥನೆಯಲ್ಲಿ ಕೇಳಿಕೊಳ್ಳಿ ಎಂಬುದು ಅವರಿಗೆ ಸಿಕ್ಕ ಉತ್ತರ. ಯೆಹೂದಿ ಪಂಡಿತ ಮೈಮೋನಿಡೀಸ್ ಮಿಶ್ನಾ ವ್ಯಾಖ್ಯಾನದಲ್ಲಿ ಇನ್ನೂ ಮುಂದೆ ಹೋಗಿ, ಆಯಾ ನಾಡಿಗೆ ಮಳೆ ಬೇಕಾದ ಕಾಲವೇ ಬೇಡುವ ಕಾಲ ಎಂಬ ಅಭಿಪ್ರಾಯ ಕೊಟ್ಟರು. ಆಚರಣೆಯಲ್ಲಿ ಆ ಅಭಿಪ್ರಾಯ ಗೆಲ್ಲಲಿಲ್ಲ.

ಡಿಸೆಂಬರ್ ಮೊದಲ ವಾರ ಕಂಪ್ಲಿ, ಗಂಗಾವತಿಯ ಕಾಲುವೆ ಬಯಲಿನಲ್ಲಿ ಮುಂಗಾರು ಭತ್ತದ ಕೊಯ್ಲು ನಡೆದಿರುತ್ತದೆ. ಕೊಯ್ದ ಭತ್ತ ರಸ್ತೆ ಬದಿಯಲ್ಲಿ, ಕಣದಲ್ಲಿ ಹರಡಿಕೊಂಡಿರುತ್ತದೆ. ಒಂದು ಅಡ್ಡ ಮಳೆ ಬಿದ್ದರೆ ಕಾಳು ಕಪ್ಪಾಗಿ ಮಿಲ್ಲಿನವರು ದರ ಮುರಿಯುತ್ತಾರೆ. ಮೈಮೋನಿಡೀಸರ ಅಭಿಪ್ರಾಯವನ್ನು ಅಕ್ಷರಶಃ ಹಿಡಿದರೆ ಈ ಸೀಮೆಯಲ್ಲಿರುವ ಯೆಹೂದಿ ಮಳೆ ಬೇಡಬೇಕಾದ ಕಾಲ ಜೂನ್, ಜುಲೈ. ವಿರಾಟಪರ್ವ ಓದಿಸುವುದೂ ಆಗಲೇ.